ನಮ್ಮ ಮಗು ಓದದ ಶಾಲೆಗೆ ನಾವೇಕೆ ಕೊಡಬೇಕು?

ಕಳೆದ ವರ್ಷ ಶಾಲೆ ಆರಂಭವಾಗಿ ಕೆಲವು ವಾರ ಕಳೆದ ಮೇಲೆ ನಮ್ಮ ಜಮಾಅತಿನ ಶಿಕ್ಷಣ ಟ್ರಸ್ಟಿಗೆ ಒಂದು ಪತ್ರ ಬಂತು. ಬರೆದವರು ಊರಿನ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಒಬ್ಬ ಅಧ್ಯಾಪಿಕೆ. ಗೆರೆ ಹಾಕಿದ ಕಾಗದದ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದ ಆ ಪತ್ರದಲ್ಲಿ ದೊಡ್ಡ ಬೇಡಿಕೆಯೇನೂ ಇರಲಿಲ್ಲ. ನಾಲ್ಕು ತಕ್ಕಡಿ, ಅವುಗಳಿಗೆ ತೂಕದ ಕಲ್ಲುಗಳು, ಹತ್ತು ಭೂತಗನ್ನಡಿ, ಕೆಲವು ಅಳತೆಯ ಟೇಪು, ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳು ತಾವಾಗಿಯೇ ಓದಿಕೊಳ್ಳಬಹುದಾದಂಥ ಕನ್ನಡ ಕತೆ ಪುಸ್ತಕಗಳು. ಒಟ್ಟು 6,400 ರೂಪಾಯಿ. ಪ್ರತಿಯೊಂದರ ಎದುರು ಅಂಗಡಿಯ ದರವನ್ನೂ ಅದು ಯಾವ ಪಾಠಕ್ಕೆ ಬೇಕೆಂಬುದನ್ನೂ ಅವರು ಬರೆದಿದ್ದರು.

ಇಶಾ ನಮಾಝಿನ ಬಳಿಕ ಸಭೆ ಸೇರಿತು. ನಾನು ಬೆಳಿಗ್ಗೆ ಮದ್ರಸದಲ್ಲಿ ಕಲಿಸಿ, ಹಗಲು ಟ್ರಸ್ಟಿನ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕನ್ನಡ ಪಾಠ ಮಾಡುವವನು. ಸಭೆಯ ನಡಾವಳಿ ಬರೆಯುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ಪತ್ರವನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ನಂತರ ಹಿರಿಯ ಸದಸ್ಯರೊಬ್ಬರು ಕೇಳಿದರು:

"ಉಸ್ತಾದರೇ, ಆ ಶಾಲೆಯಲ್ಲಿ ನಮ್ಮ ಮಕ್ಕಳು ಎಷ್ಟು ಜನ ಇದ್ದಾರೆ?"

"ಇದ್ದಾರೆ ಹಾಜಿಯವರೇ. ಮೀನಿನ ಕೆಲಸಕ್ಕೆ ಹೋಗುವವರ ಮಕ್ಕಳು, ಬೀಡಿ ಕಟ್ಟುವವರ ಮಕ್ಕಳು. ಬೇರೆ ಸಮುದಾಯದವರೂ ಇದ್ದಾರೆ."

"ನಾನು ಕೇಳಿದ್ದು ನಮ್ಮ ಮಕ್ಕಳು ಅಂತ. ಇಲ್ಲಿ ಕೂತವರ ಮಕ್ಕಳು."

ಆ ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಕೂತಿದ್ದ ಹನ್ನೊಂದು ಮಂದಿಯ ಒಂದೇ ಒಂದು ಮಗುವೂ ಆ ಶಾಲೆಯಲ್ಲಿರಲಿಲ್ಲ. ನನ್ನ ಮಗನೂ ಇರಲಿಲ್ಲ. ಇನ್ನೊಬ್ಬರು, "ಅದು ಸರಕಾರದ ಶಾಲೆ. ಸರಕಾರ ಕೊಡಲಿ. ನಾವು ತೆರಿಗೆ ಕಟ್ಟುವುದಿಲ್ಲವಾ?" ಎಂದರು. ಮೂರನೆಯವರು ರಾಜಿಯ ದಾರಿ ಹುಡುಕಿದರು: "ಕೊಡುವುದಾದರೆ ಕಾಣುವಂಥದ್ದು ಕೊಡುವ. ಗೇಟಿಗೆ ಒಂದು ಕಮಾನು ಮಾಡಿಸುವ. ಟ್ರಸ್ಟಿನ ಹೆಸರೂ ಬರ್ತದೆ."

ವಿಷಯವನ್ನು ಮುಂದಿನ ತಿಂಗಳಿಗೆ ಇಡಲಾಯಿತು. ಮೂರೂ ಮಾತುಗಳನ್ನು ನಾನು ನಡಾವಳಿಯಲ್ಲಿ ಬರೆದುಕೊಂಡೆ. ಆದರೆ ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಅವು ದುಷ್ಟರ ಮಾತುಗಳಾಗಿದ್ದರೆ ಸುಲಭವಿತ್ತು. ಹಾಗಲ್ಲ. ಊರಿನಲ್ಲಿ ಯಾರ ಮನೆಯಲ್ಲಿ ರೋಗಿಯಿದ್ದರೂ ಮೊದಲು ಹೋಗಿ ನಿಲ್ಲುವವರು ಆ ಹಾಜಿಯವರೇ.

ಮೊದಲು ಒಂದು ಸಂಶಯವನ್ನು ಬದಿಗಿರಿಸೋಣ. ಇದಕ್ಕೆ ಝಕಾತಿನ ಹಣ ಬಳಸಬಹುದೇ ಎಂದು ಸಭೆ ಮುಗಿದ ಮೇಲೆ ಒಬ್ಬರು ಕೇಳಿದ್ದರು. ಝಕಾತಿಗೆ ಅರ್ಹರಾದ ಎಂಟು ವರ್ಗಗಳನ್ನು ಪವಿತ್ರ ಕುರ್‌ಆನ್ ಸೂರಃ ಅತ್ತೌಬಃದಲ್ಲಿ ನಿಗದಿಪಡಿಸಿದೆ. ಕಟ್ಟಡ, ಪೀಠೋಪಕರಣ, ಪಾಠದ ಸಾಮಗ್ರಿಗಳು ಅದರೊಳಗೆ ಬರುವುದಿಲ್ಲವೆಂಬುದೇ ಹೆಚ್ಚಿನ ಫಿಕ್ಹ್ ವಿದ್ವಾಂಸರ ನಿಲುವು. ಆದುದರಿಂದ ಆ ಬಾಗಿಲು ಮುಚ್ಚಿತು. ಉಳಿದದ್ದು ಐಚ್ಛಿಕವಾದ ಸದಕಃ. ಅದಕ್ಕೆ ಅಂಥ ಬೇಲಿಯಿಲ್ಲ. ಮದೀನಾದ ಕೆಲವು ಸಹಾಬಿಗಳು ಮುಸ್ಲಿಮರಲ್ಲದ ತಮ್ಮ ಬಂಧುಗಳಿಗೆ ನೆರವಾಗಲು ಹಿಂಜರಿದಾಗ ಆ ಹಿಂಜರಿಕೆಯನ್ನು ನಿವಾರಿಸುವ ಸೂಕ್ತ ಅವತೀರ್ಣವಾಯಿತೆಂದು ಮುಫಸ್ಸಿರರು ವಿವರಿಸಿದ್ದಾರೆ. ಹೀಗಾಗಿ ನಮ್ಮ ಮುಂದಿದ್ದ ಪ್ರಶ್ನೆ ಕೊಡಬಹುದೇ ಎಂಬುದಲ್ಲ. ಕೊಡಬಹುದು. ಕೊಡಬೇಕೇ, ಯಾಕೆ ಕೊಡಬೇಕು ಎಂಬುದೇ ಪ್ರಶ್ನೆ.

ಮುಂದಿನ ಸಭೆಗೆ ಒಂದು ತಿಂಗಳಿತ್ತು. ಬೇರೆ ಕಡೆಯ ಜನರು ಇದನ್ನು ಹೇಗೆ ಬಗೆಹರಿಸಿಕೊಂಡಿದ್ದಾರೆಂದು ತಿಳಿಯಲು ಓದತೊಡಗಿದೆ. ನಮ್ಮ ಸಭೆಯಲ್ಲಿ ಕೇಳಿದ ಇದೇ ಮಾತುಗಳು ಅಮೆರಿಕದ ಊರೂರುಗಳಲ್ಲಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ಕೇಳಿಬರುತ್ತಿವೆಯೆಂದು ಆಗ ತಿಳಿಯಿತು.

ಆ ದೇಶದಲ್ಲಿ ಸರಕಾರಿ ಶಾಲೆಗಳನ್ನು ನಡೆಸುವುದು ಆಯಾ ಊರಿನ ಶಾಲಾ ಮಂಡಳಿಗಳು. ಅವುಗಳ ಖರ್ಚಿನ ದೊಡ್ಡ ಪಾಲು ಅದೇ ಊರಿನ ಮನೆ ಮತ್ತು ಜಮೀನಿನ ತೆರಿಗೆಯಿಂದ ಬರುತ್ತದೆ. ಬೆಲೆಬಾಳುವ ಮನೆಗಳಿರುವ ಊರಿನ ಶಾಲೆಗೆ ಹಣ ಹೆಚ್ಚು, ಬಡ ಊರಿನ ಶಾಲೆಗೆ ಕಡಿಮೆ. ಇದು ಸಮಾನತೆಗೆ ವಿರುದ್ಧವೆಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 1971ರಲ್ಲಿ ಹೇಳಿತು. ಏಳು ವರ್ಷಗಳ ಬಳಿಕ, 1978ರ ಜೂನ್‌ನಲ್ಲಿ, ಅದೇ ರಾಜ್ಯದ ಮತದಾರರು 'ಪ್ರಪೊಸಿಷನ್ 13' ಎಂಬ ಶಾಸನವನ್ನು ಜನಮತದ ಮೂಲಕ ಅಂಗೀಕರಿಸಿದರು. ಆಸ್ತಿ ತೆರಿಗೆಯು ನಿಗದಿತ ಮೌಲ್ಯದ ನೂರಕ್ಕೆ 1ನ್ನು ಮೀರಬಾರದು, ಆಸ್ತಿ ಕೈಬದಲಾಗದೆ ಆ ಮೌಲ್ಯವನ್ನು ವರ್ಷಕ್ಕೆ ನೂರಕ್ಕೆ 2ಕ್ಕಿಂತ ಹೆಚ್ಚು ಏರಿಸಬಾರದು ಎಂಬುದು ಅದರ ಸಾರ. ಮನೆಯೊಡೆಯರು ನಿಟ್ಟುಸಿರು ಬಿಟ್ಟರು. ಶಾಲೆಗಳ ಸ್ಥಳೀಯ ಆದಾಯ ಕುಸಿಯಿತು.

ಆಗ ಊರಿನ ಜನರೇ ಸೇರಿ ಶಿಕ್ಷಣ ನಿಧಿಗಳನ್ನು ಕಟ್ಟತೊಡಗಿದರು. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 1979ರಲ್ಲಿ ಅಂಥ ಒಂದು ನಿಧಿ ಆರಂಭವಾಯಿತು. 1983ರಲ್ಲಿ ಫೋರ್ಡ್ ಪ್ರತಿಷ್ಠಾನವು ಬೇರೆ ಬೇರೆ ನಗರಗಳಲ್ಲಿ ಇಂಥ ನಿಧಿಗಳನ್ನು ಬೆಳೆಸುವುದಕ್ಕಾಗಿಯೇ ಒಂದು ಸಂಸ್ಥೆಗೆ ನೆರವಾಯಿತು. ಇಂದು ಆ ದೇಶದಲ್ಲಿ ಸಾವಿರಾರು ಸ್ಥಳೀಯ ಶಿಕ್ಷಣ ಪ್ರತಿಷ್ಠಾನಗಳಿವೆ. ಅವು ಶಾಲಾ ಮಂಡಳಿಯ ಭಾಗವಲ್ಲ. ವ್ಯಾಪಾರಿಗಳು, ನಿವೃತ್ತ ಅಧ್ಯಾಪಕರು, ಪೋಷಕರು ಮುಂತಾದವರು ಸಂಬಳವಿಲ್ಲದೆ ನಡೆಸುವ ಪ್ರತ್ಯೇಕ ಧರ್ಮಾರ್ಥ ಸಂಸ್ಥೆಗಳು. ನಮ್ಮ ಟ್ರಸ್ಟಿನಂಥವೇ ಎನ್ನಬಹುದು, ಒಂದು ವ್ಯತ್ಯಾಸದೊಂದಿಗೆ: ಅವರು ಸ್ವಂತ ಶಾಲೆ ಕಟ್ಟಲಿಲ್ಲ, ಎಲ್ಲರ ಶಾಲೆಗೆ ಕೊಟ್ಟರು.

ಇವುಗಳ ಕೆಲಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಧ್ಯಾಪಕರಿಗೆ ನೇರವಾಗಿ ಕೊಡುವ ಸಣ್ಣ ಅನುದಾನ. ಸಾಮಾನ್ಯವಾಗಿ ಕೆಲವು ನೂರು ಡಾಲರಿನಿಂದ ಒಂದೆರಡು ಸಾವಿರ ಡಾಲರಿನವರೆಗೆ. ತರಗತಿಯ ಅಧ್ಯಾಪಕನೇ ಒಂದೆರಡು ಪುಟದ ಅರ್ಜಿ ಬರೆಯುತ್ತಾನೆ. ಇಂಥ ಪಾಠಕ್ಕೆ ಇಂಥ ವಸ್ತು ಬೇಕು, ಇಷ್ಟು ಮಕ್ಕಳು ಬಳಸುತ್ತಾರೆ, ಬೆಲೆ ಇಷ್ಟು. ಪ್ರತಿಷ್ಠಾನದ ಸಮಿತಿ ಓದಿ ತೀರ್ಮಾನಿಸುತ್ತದೆ. ಒಬ್ಬರು ಸಂಗೀತದ ವಾದ್ಯ ಕೇಳುತ್ತಾರೆ, ಇನ್ನೊಬ್ಬರು ವಿಜ್ಞಾನದ ಪ್ರಯೋಗ ಸಾಮಗ್ರಿ, ಮತ್ತೊಬ್ಬರು ಮಕ್ಕಳನ್ನು ನದಿಯ ದಡಕ್ಕೋ ವಸ್ತುಸಂಗ್ರಹಾಲಯಕ್ಕೋ ಕರೆದೊಯ್ಯಲು ಬಸ್ಸಿನ ಬಾಡಿಗೆ. ನಮ್ಮೂರಿನ ಅಧ್ಯಾಪಿಕೆಯ ಪತ್ರವೂ ಇದೇ ರೀತಿಯದು. ಅವರು ಅಮೆರಿಕದ ಪದ್ಧತಿಯನ್ನು ಓದಿ ಬರೆದವರಲ್ಲ. ಪಾಠ ಮಾಡುವವರಿಗೆ ಎಲ್ಲಿದ್ದರೂ ಇದೇ ತೋಚುತ್ತದೆ.

ಇಷ್ಟು ಸಣ್ಣ ಹಣದಿಂದ ಎಂತ ಆಗುತ್ತದೆ ಎಂದು ಕೇಳುವವರಿದ್ದಾರೆ. ಅಮೆರಿಕದ ಶಾಲೆಗಳ ದೈನಂದಿನ ಖರ್ಚಿನಲ್ಲಿ ನೂರಕ್ಕೆ ಸುಮಾರು 80 ಸಂಬಳ ಮತ್ತು ಸಿಬ್ಬಂದಿಯ ಇತರ ಸೌಲಭ್ಯಗಳಿಗೇ ಹೋಗುತ್ತದೆ. ಉಳಿದದ್ದರಲ್ಲಿ ವಿದ್ಯುತ್ತು, ವಾಹನ, ದುರಸ್ತಿ. ಪಾಠ ಮಾಡುವವನು ತಾನೇ ಯೋಚಿಸಿ, ತಾನೇ ನಿರ್ಧರಿಸಿ ಖರ್ಚು ಮಾಡಬಹುದಾದ ಹಣ ಕೊನೆಗೆ ಅತ್ಯಲ್ಪ. ಹೆಚ್ಚಿನ ಕಡೆ ಪ್ರತಿಷ್ಠಾನದ ಹಣ ಶಾಲೆಯ ಒಟ್ಟು ಬಜೆಟ್ಟಿನ ನೂರರ ಒಂದು ಪಾಲನ್ನೂ ಮುಟ್ಟುವುದಿಲ್ಲ. ಆದರೆ ಅದು ಬೀಳುವ ಜಾಗ ಬೇರೆ. ಪುಸ್ತಕದಲ್ಲಿರುವ ಪಾಠಕ್ಕೂ ಮಗುವಿನ ಕೈಗೂ ನಡುವೆ ಒಂದು ಸಣ್ಣ ಅಂತರವಿದೆ. ಈ ಹಣ ಅಲ್ಲಿಗೆ ಹೋಗಿ ಬೀಳುತ್ತದೆ.

ಇದನ್ನು ಅಧ್ಯಾಪಕನಾಗಿ ಹೇಳುತ್ತಿದ್ದೇನೆ. ಒಂದು ಕಿಲೋ ಎಂದರೆ 1000 ಗ್ರಾಂ ಎಂದು ಐದನೆಯ ತರಗತಿಯ ಮಗು ಬಾಯಿಪಾಠ ಒಪ್ಪಿಸುತ್ತದೆ. ಅದರ ಕೈಗೆ ಒಂದು ತುಂಡು ಬೆಲ್ಲ ಕೊಟ್ಟು, ಇದು ಎಷ್ಟಿರಬಹುದು ಹೇಳು ಎಂದರೆ ಐದು ಕಿಲೋ ಎಂದೂ ಹೇಳುತ್ತದೆ, ಹತ್ತು ಗ್ರಾಂ ಎಂದೂ ಹೇಳುತ್ತದೆ. ಪಾಠ ಬಾಯಿಯಲ್ಲಿದೆ, ಅಂಗೈಗೆ ಇಳಿದಿಲ್ಲ. ನಾಲ್ಕು ದಿನ ತಕ್ಕಡಿಯ ಎದುರು ಕುಳಿತ ಮಗು ಹಾಗೆ ಹೇಳುವುದಿಲ್ಲ. ಭೂತಗನ್ನಡಿಯೂ ಹಾಗೆಯೇ. ಇರುವೆಗೆ ಆರು ಕಾಲು ಎಂದು ಕಪ್ಪು ಹಲಗೆಯಲ್ಲಿ ಬರೆದದ್ದನ್ನು ಮಗು ನಂಬುತ್ತದೆ, ಅಷ್ಟೇ. ಕನ್ನಡಿ ಹಿಡಿದು ಎಣಿಸಿದ ಮಗು ಮಾತ್ರ ಜಗಳಕ್ಕೆ ಬರುತ್ತದೆ: "ಸಾರ್, ಮೀಸೆಯನ್ನೂ ಸೇರಿಸಿದರೆ ಎಂಟಾಗ್ತದೆ!" ಇಂಥ ಒಂದು ಜಗಳಕ್ಕಾಗಿ ಅಧ್ಯಾಪಕ ವರ್ಷವಿಡೀ ಕಾಯುತ್ತಾನೆ.

ಇನ್ನೊಂದು ಲಾಭವನ್ನು ಹೊರಗಿನವರು ಗಮನಿಸುವುದಿಲ್ಲ. ಮೇಲಿನಿಂದ ಕೇಳದೆ ಬಂದ ವಸ್ತುವಿಗೂ ಕೇಳಿ ಪಡೆದ ವಸ್ತುವಿಗೂ ಬಹಳ ಅಂತರವಿದೆ. ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಗೆ ವಿಜ್ಞಾನದ ಪೆಟ್ಟಿಗೆಯೊಂದು ಬಂದಿತ್ತು. ಒಳ್ಳೆಯ ಪೆಟ್ಟಿಗೆ. ಒಡೆದರೆ ಲೆಕ್ಕ ಕೊಡಬೇಕೆಂಬ ಭಯದಿಂದ ಅದನ್ನು ದಾಸ್ತಾನು ಪುಸ್ತಕದಲ್ಲಿ ಬರೆದು ಕಪಾಟಿನಲ್ಲಿಟ್ಟು ಬೀಗ ಹಾಕಲಾಯಿತು. ತಪಾಸಣೆಗೆ ಬಂದವರು ನೋಡಿ ಮೆಚ್ಚಿದರು. ಮಕ್ಕಳು ನೋಡಲೇ ಇಲ್ಲ. ನಾನು ಆ ಶಾಲೆ ಬಿಡುವಾಗಲೂ ಅದು ಹೊಸದಾಗಿಯೇ ಇತ್ತು.

ಈಗ ಕಮಾನಿನ ವಿಷಯ. ದಾನಿ ತಾನೇ ಆರಿಸಿದಾಗ ಕಾಣುವಂಥದ್ದನ್ನು ಆರಿಸುತ್ತಾನೆ. ಕಮಾನು, ಕಲ್ಲಿನ ಫಲಕ, ಗೋಡೆ ಗಡಿಯಾರ, ಫ್ಯಾನು. ಫ್ಯಾನಿನ ಮೂರು ರೆಕ್ಕೆಗಳ ಮೇಲೂ ಹೆಸರು ಬರೆಸಿದವರನ್ನು ನಾವೆಲ್ಲ ಕಂಡಿದ್ದೇವೆ. ಅದು ತಿರುಗುವಾಗ ಗಾಳಿ ಬರುತ್ತದೆ, ಹೆಸರು ಕಾಣುವುದಿಲ್ಲ. ಹೆಸರು ಓದಬೇಕಾದರೆ ಕರೆಂಟು ಹೋಗಬೇಕು. ತೋರಿಕೆಗಾಗಿ ಕೊಡುವವನ ದಾನವನ್ನು ಕುರ್‌ಆನ್ ಬಂಡೆಯ ಮೇಲಿನ ತೆಳು ಮಣ್ಣಿಗೆ ಹೋಲಿಸಿದೆ, ಮಳೆ ಬಂದರೆ ಅದು ತೊಳೆದುಹೋಗುತ್ತದೆ. ತಕ್ಕಡಿಯ ಮೇಲೆ ಹೆಸರು ಬರೆಸಲು ಜಾಗವಿಲ್ಲ. ಅಧ್ಯಾಪಿಕೆ ಅದನ್ನು ಯೋಚಿಸಿ ಕೇಳಿರಲಾರರು. ಆದರೂ ನಮಗೆ ಅದರಿಂದ ಒಂದು ಉಪಕಾರವೇ ಆಯಿತು.

ಆದರೆ ಹಾಜಿಯವರ ಪ್ರಶ್ನೆ ಇನ್ನೂ ಅಲ್ಲೇ ಉಳಿದಿದೆ. ನಮ್ಮ ಮಕ್ಕಳಿಲ್ಲದ ಕಡೆ ನಾವೇಕೆ?

ಅಮೆರಿಕದ ಪ್ರತಿಷ್ಠಾನಗಳಿಗೂ ಇದೇ ಮುಳ್ಳು ಚುಚ್ಚಿತು. ಊರಿಗೊಂದು ನಿಧಿ ಎಂದರೆ ಶ್ರೀಮಂತರ ಊರಿಗೆ ದೊಡ್ಡ ನಿಧಿ, ಬಡವರ ಊರಿಗೆ ಸಣ್ಣ ನಿಧಿ. ಒಂದೇ ನಗರದೊಳಗೂ ಹಾಗೆಯೇ. ಒರೆಗಾನ್ ರಾಜ್ಯದಲ್ಲಿ 1990ರಲ್ಲಿ ಮತದಾರರು ಆಸ್ತಿ ತೆರಿಗೆಗೆ ಮಿತಿ ಹಾಕಿದರು. ಅದರ ಬಳಿಕ ಪೋರ್ಟ್‌ಲೆಂಡ್ ನಗರದ ಅನುಕೂಲಸ್ಥ ಬಡಾವಣೆಗಳ ಪೋಷಕರು ತಮ್ಮ ಶಾಲೆಯ ಅಧ್ಯಾಪಕರನ್ನು ಉಳಿಸಿಕೊಳ್ಳಲು ತಾವೇ ಹಣ ಕೂಡಿಸಿದರು. ಬಡ ಬಡಾವಣೆಯವರಿಗೆ ಅದು ಸಾಧ್ಯವಾಗಲಿಲ್ಲ. ಸರಕಾರಿ ಶಾಲೆ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬಗೆಯ ಶಾಲೆಗಳಾಗುವ ಸ್ಥಿತಿ ಬಂತು. ಆಗ ಅಲ್ಲಿಯ ಶಾಲಾ ಮಂಡಳಿ 1990ರ ದಶಕದಲ್ಲಿಯೇ ಒಂದು ನಿಯಮ ಮಾಡಿತು. ಯಾವುದೇ ಶಾಲೆಯವರು ಕೂಡಿಸಿದ ಹಣದಲ್ಲಿ ಮೊದಲ 10,000 ಡಾಲರ್ ಪೂರ್ತಿ ಅವರದೇ. ಅದಕ್ಕಿಂತ ಹೆಚ್ಚು ಬಂದದ್ದರಲ್ಲಿ ಮೂರನೆಯ ಒಂದು ಪಾಲು ಇತರ ಶಾಲೆಗಳ ಮಕ್ಕಳಿಗಾಗಿರುವ ಸಾಮಾನ್ಯ ನಿಧಿಗೆ. ವರ್ಷಾನುಗಟ್ಟಲೆ ಅದು ನಡೆಯಿತು.

ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಮತ್ತು ಮಾಲಿಬು ಎಂಬ ಎರಡು ಊರುಗಳಿಗೆ ಒಂದೇ ಶಾಲಾ ಮಂಡಳಿ. ಮಾಲಿಬು ಸಮುದ್ರ ತೀರದ ಶ್ರೀಮಂತ ಊರು, ಸಿನೆಮಾ ತಾರೆಯರು ನೆಲೆಸುವ ಜಾಗ. ಸಿಬ್ಬಂದಿಯನ್ನು ನೇಮಿಸಲು ಬೇಕಾದ ದೇಣಿಗೆಯನ್ನು ಇನ್ನು ಮುಂದೆ ಶಾಲೆ ಶಾಲೆಗೆ ಪ್ರತ್ಯೇಕವಾಗಿ ಕೂಡಿಸದೆ, ಇಡೀ ಮಂಡಳಿಗೆ ಒಂದೇ ಶಿಕ್ಷಣ ಪ್ರತಿಷ್ಠಾನದ ಮೂಲಕ ಕೂಡಿಸಿ ಎಲ್ಲ ಶಾಲೆಗಳಿಗೂ ಹಂಚಬೇಕೆಂದು 2011ರಲ್ಲಿ ಮಂಡಳಿ ತೀರ್ಮಾನಿಸಿತು. ಮಾಲಿಬುವಿನ ಹಲವು ಪೋಷಕರು ಅದನ್ನು ಬಲವಾಗಿ ವಿರೋಧಿಸಿದರು. ಪ್ರತ್ಯೇಕ ಶಾಲಾ ಮಂಡಳಿ ಬೇಕೆಂಬ ಬೇಡಿಕೆಯೂ ಅಲ್ಲಿ ಬಲಗೊಂಡಿತು. ನನ್ನ ಮಗುವಿಗೆಂದು ಕೊಟ್ಟ ಹಣ ಇನ್ನೊಂದು ಊರಿನ ಮಗುವಿಗೆ ಏಕೆ ಹೋಗಬೇಕು ಎಂಬುದೇ ಅವರ ವಾದದ ತಿರುಳು. ಆರು ಸಾವಿರ ರೂಪಾಯಿಯ ಸಭೆಯಲ್ಲೂ ಲಕ್ಷಾಂತರ ಡಾಲರಿನ ಸಭೆಯಲ್ಲೂ ಮನುಷ್ಯ ಒಂದೇ ಮಾತನಾಡುತ್ತಾನೆ.

ಆ ಪೋಷಕರನ್ನು ದೂಷಿಸಲು ನನಗೆ ನಾಲಗೆ ಬರುವುದಿಲ್ಲ. ಮನುಷ್ಯ ತನ್ನ ಮನೆಯವರಿಗಾಗಿ ಖರ್ಚು ಮಾಡುವುದಕ್ಕೂ ಪುಣ್ಯವಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹತ್ತಿರದವರ ಹಕ್ಕು ಮೊದಲು ಎಂಬುದು ನಮ್ಮ ಧರ್ಮದ ಸ್ಪಷ್ಟ ಕ್ರಮ. ಸ್ವಂತ ಮಗು ಹಸಿದಿರುವಾಗ ಊರಿಗೆ ಅನ್ನ ಬಡಿಸುವವನನ್ನು ಯಾರೂ ದಾನಿ ಎನ್ನುವುದಿಲ್ಲ. ಆದುದರಿಂದ ನನ್ನ ಮಗುವಿಗೆ ಖರ್ಚು ಮಾಡುವುದರಲ್ಲಿ ತಪ್ಪಿಲ್ಲ. ತಪ್ಪು ಆಗುವುದು ಲೆಕ್ಕ ಬರೆಯುವಾಗ. ನನ್ನ ಮಗುವಿಗಾಗಿ ಮಾಡಿದ ಖರ್ಚನ್ನು ಸಮಾಜಕ್ಕೆ ಮಾಡಿದ ಉಪಕಾರದ ಪುಟದಲ್ಲಿ ಬರೆದುಕೊಳ್ಳುವಾಗ. ನಮ್ಮ ಟ್ರಸ್ಟಿನ ವರದಿಯಲ್ಲಿ ಪ್ರತಿ ವರ್ಷ 'ಸಮುದಾಯದ ಶಿಕ್ಷಣಕ್ಕಾಗಿ ವಿನಿಯೋಗಿಸಿದ ಮೊತ್ತ' ಎಂದು ಒಂದು ದೊಡ್ಡ ಅಂಕೆ ಅಚ್ಚಾಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ನಮ್ಮ ನಮ್ಮ ಮಕ್ಕಳ ತರಗತಿಗಳಿಗೇ ಹೋದದ್ದು. ಆ ವಾಕ್ಯವನ್ನು ಬರೆದವನು ನಾನೇ.

ಸರಕಾರಿ ಶಾಲೆಯ ಬೆಂಚು ಮಸೀದಿಯ ಸಫ್ಫಿನ ಹಾಗೆ. ಅಲ್ಲಿ ಯಾರ ಜಾಗವೂ ಮೀಸಲಲ್ಲ. ನನ್ನ ಮಗನ ನೆತ್ತಿಗೆ ಮಾತ್ರ ಗಾಳಿ ಬೀಸುವ ಫ್ಯಾನನ್ನು ಮಸೀದಿಯಲ್ಲಿ ಹಾಕಿಸಲು ಸಾಧ್ಯವೇ? ಪಕ್ಕದಲ್ಲಿ ನಿಂತವನಿಗೂ ಗಾಳಿ ಹೋಗುತ್ತದೆ, ಅವನು ಯಾರೆಂದು ಫ್ಯಾನು ಕೇಳುವುದಿಲ್ಲ. ಎಲ್ಲರ ಶಾಲೆಗೆ ಕೊಡುವುದರಲ್ಲಿ ಈ ಗುಣವಿದೆ. ಮೂರನೆಯ ಒಂದು ಪಾಲಿನ ನಿಯಮವನ್ನು ಪೋರ್ಟ್‌ಲೆಂಡಿನ ಪೋಷಕರಲ್ಲಿ ಕೆಲವರು ದಂಡವೆಂದು ತಿಳಿದಿರಬಹುದು. ನನಗೆ ಕಂಡದ್ದು ಬೇರೆ. ಇಡೀ ಹಣದಲ್ಲಿ ದಾನ ಎಂಬ ಹೆಸರಿಗೆ ನಿಸ್ಸಂಶಯವಾಗಿ ಯೋಗ್ಯವಾದದ್ದು ಆ ಒಂದು ಪಾಲೇ. (ಮೂರನೆಯ ಒಂದು ಎಂಬ ಅಂಕೆ ನಮಗೆ ಅಪರಿಚಿತವಲ್ಲ. ವಾರಸುದಾರರಲ್ಲದವರಿಗೆ ವಸಿಯ್ಯತ್ ಮಾಡಬಹುದಾದ ಗರಿಷ್ಠ ಮಿತಿ ಅದು. ಅಲ್ಲಿಯ ಕಾರಣ ಬೇರೆ, ಇಲ್ಲಿಯದು ಬೇರೆ. ಆದರೂ ಓದುವಾಗ ಮನಸ್ಸು ಅಲ್ಲಿಗೆ ಹೋಯಿತು.)

ಇನ್ನು ಸರಕಾರ ಕೊಡಲಿ ಎಂಬ ಮಾತು. ಇದರಲ್ಲಿ ಅರ್ಧ ಸತ್ಯಕ್ಕಿಂತ ಹೆಚ್ಚೇ ಇದೆ. 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ಉಚಿತ ಶಿಕ್ಷಣ ಹಕ್ಕು, ಯಾರ ದಯೆಯೂ ಅಲ್ಲ. ತೆರಿಗೆಯಿಂದ ಬಂದ ತಕ್ಕಡಿಗೆ ಮಗು ಯಾರಿಗೂ ಕೃತಜ್ಞತೆ ಹೇಳಬೇಕಾಗಿಲ್ಲ. ದಾನದಿಂದ ಬಂದ ತಕ್ಕಡಿಯ ಜತೆ ಒಂದು ಸಭಾ ಕಾರ್ಯಕ್ರಮ, ಎರಡು ಹಾರ, ಬಿಸಿಲಲ್ಲಿ ಸಾಲಾಗಿ ನಿಂತ ಮಕ್ಕಳು, ಇಷ್ಟೂ ಬರುತ್ತದೆ. ಕ್ಯಾಲಿಫೋರ್ನಿಯಾದ ಕತೆಯಲ್ಲಿ ನನಗೆ ಕಹಿಯೆನಿಸಿದ್ದು ಇದೇ. ಒಂದು ಕೈಯಿಂದ ತೆರಿಗೆ ಇಳಿಸಿಕೊಂಡ ಸಮಾಜವೇ ಇನ್ನೊಂದು ಕೈಯಿಂದ ದೇಣಿಗೆ ಕೊಟ್ಟಿತು. ತೆರಿಗೆ ಕೊಡುವಾಗ ಅದು ಬಾಧ್ಯತೆಯಾಗಿತ್ತು, ದೇಣಿಗೆ ಕೊಡುವಾಗ ಔದಾರ್ಯವಾಯಿತು. ನೂರರ ಒಂದು ಪಾಲು ಕೊಟ್ಟು ತೊಂಬತ್ತೊಂಬತ್ತರ ಬಾಧ್ಯತೆಯನ್ನು ಮರೆತರೆ ಅದು ಲೆಕ್ಕದಲ್ಲೇ ತಪ್ಪು.

ಆದರೆ ಸರಕಾರ ಕೊಡಲಿ ಎಂದು ಹೇಳಿ ಎದ್ದು ಹೋಗುವವನು ಸರಕಾರದ ಬಾಗಿಲಿಗೆ ಹೋಗುವುದಿಲ್ಲ, ಮನೆಗೆ ಹೋಗುತ್ತಾನೆ. ಐದನೆಯ ತರಗತಿಯ ಮಗು ಈ ಒಂದು ವರ್ಷ ಮಾತ್ರ ಐದನೆಯ ತರಗತಿಯಲ್ಲಿರುತ್ತದೆ. ಸರಕಾರ ಮತ್ತು ಸಮಾಜ ತಮ್ಮತಮ್ಮಲ್ಲಿ ಚರ್ಚೆ ಮುಗಿಸುವಷ್ಟರಲ್ಲಿ ಅದು ಕೂಲಿಗೆ ಹೋಗಿರುತ್ತದೆ.

ಕೊಡುವುದರಿಂದ ಸರಕಾರಕ್ಕೆ ಬಿಡುವು ಸಿಗುತ್ತದೆಯೋ, ಸರಕಾರ ಎಚ್ಚರಗೊಳ್ಳುತ್ತದೆಯೋ ಎಂಬುದು ಕೊಡುವ ರೀತಿಯನ್ನು ಅವಲಂಬಿಸಿದೆ. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆಯಿದೆ. ಹರೇಕಳ ಹಾಜಬ್ಬರು ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರುತ್ತಿದ್ದವರು, ಶಾಲೆ ಕಂಡವರಲ್ಲ. ವಿದೇಶೀಯರೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದೆ ಪಟ್ಟ ಸಂಕಟ ಅವರನ್ನು ಶಾಲೆಯ ಬೆನ್ನು ಹಿಡಿಯುವಂತೆ ಮಾಡಿತು. ಅವರ ಊರು ನ್ಯೂಪಡ್ಪುವಿನಲ್ಲಿ 2000ದಲ್ಲಿ ಶಾಲೆ ಆರಂಭವಾದದ್ದು ಮದ್ರಸದ ಕಟ್ಟಡದಲ್ಲಿ, 28 ಮಕ್ಕಳೊಂದಿಗೆ. 2020ರಲ್ಲಿ ಪದ್ಮಶ್ರೀ ಘೋಷಣೆಯಾಗಿ 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿಯವರಿಂದ ಬರಿಗಾಲಲ್ಲಿ ಹೋಗಿ ಸ್ವೀಕರಿಸಿದ್ದನ್ನು ಎಲ್ಲರೂ ನೋಡಿದ್ದಾರೆ. ಎಲ್ಲರೂ ಹೇಳದ ಒಂದು ಮಾತಿದೆ. ಅವರು ಕಟ್ಟಿದ್ದು ಹಾಜಬ್ಬರ ಶಾಲೆಯಲ್ಲ, ಜಿಲ್ಲಾ ಪಂಚಾಯತಿನ ಶಾಲೆ. ಕಿತ್ತಳೆ ಮಾರಿ ಉಳಿಸಿದ್ದನ್ನೂ, ಪ್ರಶಸ್ತಿಯೊಂದಿಗೆ ಬಂದ ಹಣವನ್ನೂ ಅದಕ್ಕೇ ಹಾಕಿದರು. ಜತೆಗೆ ಕಚೇರಿಯಿಂದ ಕಚೇರಿಗೆ ಅಲೆದು ಸರಕಾರದಿಂದ ಸರಕಾರ ಕೊಡಬೇಕಾದದ್ದನ್ನು ಪಡೆದರು. ಅವರ ದಾನ ಸರಕಾರವನ್ನು ಬಿಡಿಸಲಿಲ್ಲ, ಕೈಹಿಡಿದು ಎಳೆದು ತಂದಿತು.

ನಮ್ಮ ಪೂರ್ವಿಕರ ವಕ್ಫ್ ಪದ್ಧತಿಯಲ್ಲೂ ಗಮನಿಸಬೇಕಾದ ಒಂದು ಸೂಕ್ಷ್ಮವಿತ್ತು. ಕೈರೋ ನಗರದಲ್ಲಿ ಕೆಳಗೆ ದಾರಿಹೋಕರಿಗೆ ಕುಡಿಯುವ ನೀರು, ಮೇಲಿನ ಮಹಡಿಯಲ್ಲಿ ಅನಾಥ ಮಕ್ಕಳಿಗೆ ಅಕ್ಷರ ಕಲಿಸುವ ಕೋಣೆ ಇರುವ ಕಟ್ಟಡಗಳು ಇಂದಿಗೂ ಇವೆ. 1744ರಲ್ಲಿ ಅಬ್ದುರ್ರಹ್ಮಾನ್ ಕತ್‌ಖುದಾ ಕಟ್ಟಿಸಿದ್ದು ಅವುಗಳಲ್ಲಿ ಪ್ರಸಿದ್ಧ. ಇಂಥ ಶಾಲೆಗಳ ವಕ್ಫ್ ಪತ್ರಗಳಲ್ಲಿ ಮಕ್ಕಳ ಲೇಖನಿ, ಮಸಿ, ಬರೆಯುವ ಹಲಗೆಗಳಿಗೂ ಹಣ ಗೊತ್ತುಪಡಿಸುವುದಿತ್ತು. ಒಮ್ಮೆ ವಕ್ಫ್ ಮಾಡಿದ ಆಸ್ತಿ ಕೊಟ್ಟವನದಾಗಿ ಉಳಿಯುವುದಿಲ್ಲ. ಅವನು ತೀರಿಹೋದ ಮೇಲೂ ಮಸಿ ಬರುತ್ತಿತ್ತು. ಯಾರ ಮುಖ ನೋಡಿ ಕೈಮುಗಿಯಬೇಕೆಂಬ ಪ್ರಶ್ನೆ ಆ ಮಕ್ಕಳಿಗೆ ಬರಲಿಲ್ಲ.

ಎರಡನೆಯ ಸಭೆಯಲ್ಲಿ ಇದೆಲ್ಲವನ್ನೂ ಹೇಳಲು ನನಗೆ ಸಮಯ ಸಿಗಲಿಲ್ಲ. ಪೋರ್ಟ್‌ಲೆಂಡಿನ ಕತೆ ಹೇಳಿದೆ, ಹಾಜಬ್ಬರ ಮಾತು ಹೇಳಿದೆ. ಕಮಾನಿನ ಪ್ರಸ್ತಾಪವನ್ನು ತಂದವರೇ ಹಿಂದೆ ತೆಗೆದುಕೊಂಡರು. ಆಗ ಖಜಾಂಚಿಯವರು ಹಣ ಎಲ್ಲಿಂದ ಎಂದು ಕೇಳಿದರು. ಪುಸ್ತಕ ತಿರುವಿ ಹಾಕಿ, ನಿರ್ದಿಷ್ಟ ಬಾಬ್ತಿಗೆ ಸೇರದ ಹಣ ಒಂದೇ ಇದೆ, ಉಸ್ತಾದರ ತರಗತಿಗೆ ಪುಸ್ತಕದ ಕಪಾಟು ಮಾಡಿಸಲು ಎತ್ತಿಟ್ಟದ್ದು ಎಂದರು. ಎರಡು ವರ್ಷದಿಂದ ನಾನು ಕೇಳುತ್ತಿದ್ದ ಕಪಾಟು. ನನ್ನ ಮಗ ಅದೇ ತರಗತಿಯಲ್ಲಿ ಓದುತ್ತಾನೆ.

ಆ ಕ್ಷಣದಲ್ಲಿ ನನ್ನ ಮನಸ್ಸು ಮುದುಡಿದ್ದನ್ನು ಮುಚ್ಚಿಡುವುದಿಲ್ಲ. ಬೇರೆಯವರ ಹಣದ ಬಗ್ಗೆ ಅಷ್ಟು ಹೊತ್ತು ಚೆನ್ನಾಗಿ ಮಾತನಾಡಿದ್ದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಗಲಿ ಎಂದೆ, ನಡಾವಳಿಯಲ್ಲಿ ಬರೆದೆ. ಅಕ್ಷರ ಸ್ವಲ್ಪ ವಾಲಿದೆ, ಈಗಲೂ ಕಾಣುತ್ತದೆ.

ಹಾಜಿಯವರು ಒಪ್ಪಿದರು. ಆದರೆ ಎಚ್ಚರಿಸಿದರು: "ಈ ಸಲ ಕೊಡುವ. ಪ್ರತಿ ವರ್ಷ ಅಂತ ಬರೆಯಬೇಡಿ." ಹಣವನ್ನು ಎಸ್‌ಡಿಎಂಸಿಯ ಖಾತೆಯ ಮೂಲಕ ಕೊಡುವುದು, ಕಾರ್ಯಕ್ರಮ ಮಾಡಬಾರದು, ಒಡೆದುದಕ್ಕೆ ಲೆಕ್ಕ ಕೇಳಬಾರದು ಎಂದು ತೀರ್ಮಾನವಾಯಿತು. ಕೊನೆಯದು ನಾನು ಪಟ್ಟು ಹಿಡಿದು ಸೇರಿಸಿದ್ದು. ಪೋಷಕರಿಂದ ನಾವು ಕೂಡಿಸುವ ವಾರ್ಷಿಕ ದೇಣಿಗೆಯಲ್ಲಿ ಒಂದು ಪಾಲನ್ನು ಸರಕಾರಿ ಶಾಲೆಗೆ ಮೀಸಲಿಡಬೇಕೆಂಬ ನನ್ನ ಇನ್ನೊಂದು ಪ್ರಸ್ತಾಪ ಅಂದು ಪಾಸಾಗಲಿಲ್ಲ. ನಮ್ಮ ಶಾಲೆಯ ಅಧ್ಯಾಪಿಕೆಯರ ಸಂಬಳವೇ ಕಡಿಮೆಯಿರುವಾಗ ಇದು ಯಾವ ನ್ಯಾಯ ಎಂದು ಖಜಾಂಚಿಯವರು ಕೇಳಿದರು. ಅವರ ಮಾತನ್ನು ತಳ್ಳಿಹಾಕಲು ನನ್ನಿಂದಾಗಲಿಲ್ಲ.

ದಸರಾ ರಜೆ ಮುಗಿದ ಬಳಿಕ ರಶೀದಿ ತರಲು ಆ ಶಾಲೆಗೆ ಹೋಗಿದ್ದೆ. ಜಗಲಿಯಲ್ಲಿ ಮಕ್ಕಳು ಹುಣಸೆಬೀಜ ತೂಗುತ್ತಿದ್ದರು. ಅಧ್ಯಾಪಿಕೆ ತಟ್ಟೆಗೆ ಬೀಜ ಸುರಿಯಲು ಹೊರಟಾಗ ಒಬ್ಬ ಹುಡುಗಿ ತಡೆದಳು. "ಟೀಚರ್, ಮೊದಲು ಖಾಲಿ ತಕ್ಕಡಿ ನೋಡಬೇಕು. ಬ್ರಾಂಚಿನಲ್ಲಿ ಬೀಡಿಯ ಹುಡಿ ತರುವಾಗ ಅಮ್ಮ ಹಾಗೇ ಮಾಡ್ತಾರೆ." ಟೀಚರ್ ತಟ್ಟೆ ಖಾಲಿ ಮಾಡಿ ತಕ್ಕಡಿ ಎತ್ತಿ ಹಿಡಿದರು. ಒಂದು ಬದಿ ಸ್ವಲ್ಪ ತಗ್ಗಿತ್ತು. ಮಕ್ಕಳು ಅದಕ್ಕೆ ನೂಲಿನ ತುಂಡು ಕಟ್ಟಿ ಸರಿಮಾಡತೊಡಗಿದರು.

ಈ ವರ್ಷ ಶಾಲೆ ಆರಂಭವಾದ ಮೇಲೆ ಅದೇ ದುಂಡಗಿನ ಅಕ್ಷರದ ಇನ್ನೊಂದು ಪತ್ರ ಬಂತು. ಅದರಲ್ಲಿ ಬೇಡಿಕೆಯೇ ಇರಲಿಲ್ಲ. ನಾವು ಕೇಳದಿದ್ದರೂ ಲೆಕ್ಕ ಕಳುಹಿಸಿದ್ದರು. ಮೂರು ಭೂತಗನ್ನಡಿ ಒಡೆದಿವೆ, ಒಂದು ಟೇಪು ಹರಿದಿದೆ, ಒಂಬತ್ತು ಪುಸ್ತಕಗಳ ಹಾಳೆ ಕಿತ್ತುಬಂದಿದೆ, ಎರಡು ಪುಸ್ತಕ ಮಕ್ಕಳ ಮನೆಯಿಂದ ಮರಳಿ ಬಂದಿಲ್ಲ. ಸಭೆಯಲ್ಲಿ ಓದಿ ಹೇಳಿದೆ. ಹಾಜಿಯವರು ಪತ್ರವನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ತಾವೇ ಇನ್ನೊಮ್ಮೆ ನೋಡಿದರು.

"ಬರದ ಎರಡು ಪುಸ್ತಕ ಯಾವುದಂತೆ?" ಎಂದು ಕೇಳಿದರು.

ನನ್ನ ಕಪಾಟಿನ ವಿಷಯವನ್ನು ಆ ದಿನದ ಕಾರ್ಯಸೂಚಿಯಲ್ಲಿ ನಾನು ಸೇರಿಸಿರಲಿಲ್ಲ. ಅದು ಮುಂದಿನ ತಿಂಗಳಿಗಿದೆ.